ಅಲೈಂಗಿಕ ಪಾತ್ರ ರೋಬೋಟೇ ಆಗಿರಬೇಕೆ?

ಓದುಗರ ಪ್ರಶ್ನೆ: ನನಗೆ 27 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸ. ಶನಿಯ ಉಪಗ್ರಹ ಟೈಟನ್‌ಗೆ ಹೊರಟ ಸರಕು ನೌಕೆಯೊಂದರ ಕಥೆಯನ್ನು 14 ಕಂತುಗಳಲ್ಲಿ ಬರೆಯುತ್ತಿದ್ದೇನೆ. ನೌಕೆಯ ಇಂಜಿನಿಯರ್ ಗಿರಿಜಾಗೆ 41 ವರ್ಷ. ಯಾರ ಮೇಲೂ ಲೈಂಗಿಕ ಆಕರ್ಷಣೆ ಅವಳಿಗೆ ಯಾವತ್ತೂ ಆಗಿಲ್ಲ, ಅದರ ಬಗ್ಗೆ ಬೇಸರವೂ ಇಲ್ಲ. ಮೊದಲ ಐದು ಕಂತು ಓದಿದ ಗೆಳೆಯ 'ಅವಳನ್ನು ರೋಬೋಟ್ ಮಾಡಿಬಿಡು, ಆಗ ನಂಬಬಹುದು' ಅಂದ. ಗೆಳತಿಯೊಬ್ಬಳು 'ಚಿಕ್ಕಂದಿನಲ್ಲಿ ಏನೋ ಆಗಿತ್ತು ಅಂತ ಒಂದು ಫ್ಲ್ಯಾಶ್‌ಬ್ಯಾಕ್ ಹಾಕು' ಅಂದಳು. ನಾನು ನೋಡಿ ಬೆಳೆದ ಸ್ಟಾರ್ ಟ್ರೆಕ್, ಸ್ಟಾರ್ ವಾರ್ಸ್, ಡಾಕ್ಟರ್ ಹೂ ಎಲ್ಲದರಲ್ಲೂ ಇಂಥವರು ಯಂತ್ರಗಳು, ಅನ್ಯಗ್ರಹದವರು, ಇಲ್ಲವೇ ಸನ್ಯಾಸಿಗಳು. ಮನುಷ್ಯರಾಗಿ ಯಾರಾದರೂ ಇದ್ದಾರಾ? ಗಿರಿಜಾಳನ್ನು ಹೀಗೇ ಉಳಿಸಿಕೊಂಡರೆ ಓದುಗರು ಒಪ್ಪುತ್ತಾರಾ? ಇನ್ನೊಂದು ಮಾತು, ನಾನೂ ಗಿರಿಜಾಳಂತೆಯೇ ಇರಬಹುದು.

ಉತ್ತರ: ಗಿರಿಜಾ ಮನುಷ್ಯಳಾಗಿಯೇ ಇರಲಿ. ಫ್ಲ್ಯಾಶ್‌ಬ್ಯಾಕ್ ಬೇಡ. ವಿಜ್ಞಾನ ಕಥೆಗಳ ಹಸ್ತಪ್ರತಿ ತಿದ್ದುವವರಿಗೆ ನಿಮ್ಮ ಗೆಳೆಯರ ಎರಡೂ ಸಲಹೆ ಚೆನ್ನಾಗಿ ಪರಿಚಯ. ಇಂಥ ಪಾತ್ರ ಬಂದಾಗ ಮೊದಲ ಓದುಗರಿಂದ ಹೆಚ್ಚಾಗಿ ಬರುವುದು ಇವೇ. ಅವರಿಗೆ ಕೆಟ್ಟ ಉದ್ದೇಶವಿಲ್ಲ, ನೋಡಿದ ಕಥೆಗಳು ಕಲಿಸಿದ್ದನ್ನೇ ಹೇಳಿದ್ದಾರೆ. ಹಾಗಾಗಿ ಆ ಕಥೆಗಳಲ್ಲಿ ನಿಜಕ್ಕೂ ಏನಿದೆ ಅಂತ ಮೊದಲು ನೋಡಿ, ಆಮೇಲೆ ನಿಮ್ಮ ಕಂತುಗಳಿಗೆ ಬರುತ್ತೇನೆ.

ಯಾರ ಮೇಲೂ ಲೈಂಗಿಕ ಆಕರ್ಷಣೆ ಹುಟ್ಟದಿರುವುದು, ಅಥವಾ ತೀರಾ ಅಪರೂಪಕ್ಕೆ ಹುಟ್ಟುವುದು ಅಲೈಂಗಿಕತೆ. ನಮ್ಮಲ್ಲಿ ಇದನ್ನು ಬ್ರಹ್ಮಚರ್ಯದ ಜೊತೆ ಸೇರಿಸಿಬಿಡುತ್ತಾರೆ. ಬ್ರಹ್ಮಚಾರಿಗೆ ಆಸೆ ಇರುತ್ತದೆ, ಅದನ್ನು ತಡೆಯುವ ವ್ರತವೂ ಇರುತ್ತದೆ. ಗಿರಿಜಾಗೆ ತಡೆಯುವುದಕ್ಕೆ ಏನೂ ಇಲ್ಲ. ಪ್ರೇಮದ ಲೆಕ್ಕವೂ ಬೇರೆ. ಕೆಲವು ಅಲೈಂಗಿಕರಿಗೆ ಸಂಗಾತಿ ಬೇಕು, ಮದುವೆ ಬೇಕು. ಇನ್ನು ಕೆಲವರಿಗೆ ಪ್ರೇಮದ ಸೆಳೆತವೂ ಇರುವುದಿಲ್ಲ, ಅವರು ಅರೊಮ್ಯಾಂಟಿಕ್. ಕೆನಡಾದ ಸಂಶೋಧಕ ಆಂಥನಿ ಬೊಗಾರ್ಟ್ 2004ರಲ್ಲಿ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯೊಂದನ್ನು ಪರಿಶೀಲಿಸಿದಾಗ, ಸುಮಾರು ಶೇಕಡ 1ರಷ್ಟು ಜನ ತಮಗೆ ಯಾರ ಮೇಲೂ ಲೈಂಗಿಕ ಆಕರ್ಷಣೆ ಆಗಿಲ್ಲ ಎಂದಿದ್ದರು. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿ, ತಾನು ಅಲೈಂಗಿಕ ಎಂದು ಗುರುತಿಸಿಕೊಳ್ಳುವವರಿಗೆ ಕಾಮಾಸಕ್ತಿ ಕೊರತೆಯ ರೋಗನಿರ್ಣಯ ಮಾಡಬಾರದು ಎನ್ನುತ್ತದೆ.

ಒಂದು ಪಾತ್ರ ನಿಜವಾಗಿ ಅಲೈಂಗಿಕವೇ ಅಂತ ತಿಳಿಯಲು ನಾನು ಬಳಸುವ ಪರೀಕ್ಷೆ ಸರಳ. ಕಥೆ ಕೊಟ್ಟಿರುವ ಕಾರಣವನ್ನು ತೆಗೆದುಬಿಡಿ. ಯಂತ್ರ ಅನ್ನುವುದನ್ನು ತೆಗೆಯಿರಿ, ಅನ್ಯಗ್ರಹದ ಜೀವಿ ಅನ್ನುವುದನ್ನು ತೆಗೆಯಿರಿ, ವ್ರತವನ್ನು, ಹಳೆಯ ಗಾಯವನ್ನು ತೆಗೆಯಿರಿ. ಆಮೇಲೂ ಆ ಗುಣ ಉಳಿದರೆ ಅದು ಪಾತ್ರದ್ದು. ಕಾರಣದ ಜೊತೆಯಲ್ಲೇ ಹೊರಟುಹೋದರೆ, ಕಥೆ ಹೇಳಿದ್ದು ಯಂತ್ರದ ಬಗ್ಗೆಯೋ ವ್ರತದ ಬಗ್ಗೆಯೋ ಹೊರತು ನಿಮ್ಮಂಥವರ ಬಗ್ಗೆ ಅಲ್ಲ.

ಸ್ಪಾಕ್‌ನಿಂದ ಶುರುಮಾಡೋಣ. ಸ್ಟಾರ್ ಟ್ರೆಕ್‌ನಲ್ಲಿ ಅವನು ವಲ್ಕನ್ ಎಂಬ ಅನ್ಯಗ್ರಹದ ಜನಾಂಗಕ್ಕೆ ಸೇರಿದವನು. ವಲ್ಕನ್ನರು ಅಲೈಂಗಿಕರು ಅನ್ನುವ ನಂಬಿಕೆ ಗಟ್ಟಿಯಾಗಿದೆ. ಆದರೆ 1967ರ 'ಅಮೋಕ್ ಟೈಮ್' ಕಂತು ಇದಕ್ಕೆ ಪೂರ್ತಿ ವಿರುದ್ಧ. ವಲ್ಕನ್ನರಿಗೆ ಏಳು ವರ್ಷಕ್ಕೊಮ್ಮೆ 'ಪಾನ್ ಫಾರ್' ಎಂಬ ಅವಸ್ಥೆ ಬರುತ್ತದೆ, ಆಗ ತವರು ಗ್ರಹಕ್ಕೆ ಹೋಗಿ ಜೋಡಿಯಾಗದಿದ್ದರೆ ಸಾವೇ ಗತಿ. ಅದು ಆಸೆಯನ್ನು ಅಣೆಕಟ್ಟು ಕಟ್ಟಿ ನಿಲ್ಲಿಸಿಕೊಂಡ ಜನಾಂಗ. ಸ್ಟಾರ್ ವಾರ್ಸ್‌ನ ಸನ್ಯಾಸಿ ಯೋಧರಾದ ಜೆಡೈಗಳದ್ದು ಇನ್ನೂ ಸ್ಪಷ್ಟ. 2002ರ ಚಿತ್ರದಲ್ಲಿ ಜೆಡೈ ಯುವಕ ಅನಾಕಿನ್‌ನೇ ಹೇಳುವ ಹಾಗೆ ಅವರಿಗೆ ನಿಷಿದ್ಧವಾದದ್ದು ಮೋಹ, ಅಂಟಿಕೊಳ್ಳುವಿಕೆ. ಅವನು ಗುಟ್ಟಾಗಿ ಮದುವೆಯಾಗುವುದರ ಮೇಲೇ ಆ ಮೂರು ಚಿತ್ರಗಳ ದುರಂತ ನಿಂತಿದೆ. ನಿಯಮ ತೆಗೆದರೆ ಆಸೆ ಅಲ್ಲೇ ಇದೆ.

ಡಾಕ್ಟರ್ ಎಂಬ ಅನ್ಯಗ್ರಹದ ಕಾಲಯಾತ್ರಿಯ ಕಥೆ ಹೇಳುವ ಬ್ರಿಟಿಷ್ ಟಿವಿ ಸರಣಿ ಡಾಕ್ಟರ್ ಹೂ ವಿಷಯದಲ್ಲಿ ಮಾತ್ರ ನೇರ ಉತ್ತರ ಇಲ್ಲ. ಹಳೆಯ ಡಾಕ್ಟರ್ ಅಲೈಂಗಿಕ, 2005ರಲ್ಲಿ ಸರಣಿಯನ್ನು ಮತ್ತೆ ಶುರುಮಾಡಿದವರು ಅದನ್ನು ಕೆಡಿಸಿದರು ಅಂತ ಅಭಿಮಾನಿಗಳು ವಾದಿಸುತ್ತಾರೆ. ಆದರೆ 1963ರ ಮೊಟ್ಟಮೊದಲ ಕಂತಿನಲ್ಲೇ ಡಾಕ್ಟರ್ ಜೊತೆ ಮೊಮ್ಮಗಳು ಸೂಸನ್ ಇದ್ದಾಳೆ, ಅಂದರೆ ಅವನಿಗೂ ಸಂಸಾರ ಇತ್ತು ಅನ್ನುವ ಸುಳಿವು. 1980ರ ದಶಕದಲ್ಲಿ ನಿರ್ಮಾಪಕ ಜಾನ್ ನೇಥನ್-ಟರ್ನರ್, ಡಾಕ್ಟರ್‌ನ ಕಾಲನೌಕೆ ಟಾರ್ಡಿಸ್ ಒಳಗೆ ಪ್ರಣಯದ ಸುಳಿವೂ ಇರಬಾರದು ಎಂದು ನಿಯಮ ಮಾಡಿದ್ದರು. ಅದು ಮಕ್ಕಳ ಜೊತೆ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮದ ಶಿಸ್ತು. 1996ರ ಟಿವಿ ಚಿತ್ರದಲ್ಲಿ ಡಾಕ್ಟರ್ ತನ್ನ ಜೊತೆಗಾರ್ತಿ ಗ್ರೇಸ್‌ಗೆ ಮುತ್ತು ಕೊಟ್ಟಾಗ ಗಲಾಟೆಯೇ ಆಯಿತು. ಅಷ್ಟು ವರ್ಷ ಆ ಪಾತ್ರದಲ್ಲಿ ತಮ್ಮನ್ನು ಕಂಡುಕೊಂಡವರ ಓದು ತಪ್ಪು ಎಂದು ನಾನು ಹೇಳುವುದಿಲ್ಲ, ಅದು ಅವರಿಗೆ ಆಸರೆಯಾಗಿತ್ತು. ಆದರೆ ನಿರ್ಮಾಪಕರು ಹಾಕಿದ ನಿಯಮ ನಿರ್ಮಾಪಕರ ಜೊತೆಗೇ ಹೋಗುತ್ತದೆ, ಪಾತ್ರ ತಾನೇ ಬಾಯಿಬಿಟ್ಟು ಹೇಳಿದ ಮಾತು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಈಗ ಡೇಟಾ, ಸ್ಟಾರ್ ಟ್ರೆಕ್‌ನ ಮುಂದಿನ ಸರಣಿಯಲ್ಲಿ ನೌಕೆಯ ಅಧಿಕಾರಿಯಾಗಿರುವ ಮನುಷ್ಯರೂಪದ ಯಂತ್ರ. ನಿಮ್ಮ ಗೆಳೆಯನ ಸಲಹೆಯ ಮೂಲ ಇಲ್ಲಿದೆ. 1987ರ 'ದಿ ನೇಕೆಡ್ ನೌ' ಕಂತಿನಲ್ಲೇ, ತಾನು ಎಲ್ಲ ರೀತಿಯಲ್ಲೂ ಸಮರ್ಥ ಎಂದು ಡೇಟಾ ಸಹೋದ್ಯೋಗಿ ತಾಶಾ ಯಾರ್‌ಗೆ ಹೇಳುತ್ತಾನೆ. 1991ರ 'ಇನ್ ಥಿಯರಿ'ಯಲ್ಲಿ ಸಹೋದ್ಯೋಗಿ ಜೆನ್ನಾ ಅವನನ್ನು ಮೆಚ್ಚುತ್ತಾಳೆ, ಅವನು ಪ್ರೇಮಕ್ಕೆಂದೇ ಒಂದು ಪ್ರೋಗ್ರಾಂ ಬರೆದುಕೊಳ್ಳುತ್ತಾನೆ. ಮುತ್ತು ಕೊಡುವಾಗ ಏನು ಯೋಚಿಸುತ್ತಿದ್ದೆ ಎಂದು ಅವಳು ಕೇಳುತ್ತಾಳೆ. ವಾರ್ಪ್ ಕ್ಷೇತ್ರದ ಹೊಂದಾಣಿಕೆ, ಡಿಕನ್ಸ್ ಕೃತಿಗಳ ವಿಶ್ಲೇಷಣೆ, ಅವಳ ತುಟಿಯ ಮೇಲೆ ಎಷ್ಟು ಒತ್ತಡ ಹಾಕಬಹುದು ಎಂಬ ಲೆಕ್ಕ, ಬೆಕ್ಕಿಗೆ ಹೊಸ ಆಹಾರ, ಎಲ್ಲವನ್ನೂ ಸಾಲಾಗಿ ಒಪ್ಪಿಸುತ್ತಾನೆ. ಅವಳು ಸಂಬಂಧ ಮುರಿದಾಗ ಆ ಪ್ರೋಗ್ರಾಂ ಅಳಿಸಿಹಾಕುತ್ತಾನೆ. ಬರವಣಿಗೆಯಾಗಿ ಅದ್ಭುತ ದೃಶ್ಯ. ಆದರೆ ಡೇಟಾನ ಇಡೀ ಪಯಣ ಮನುಷ್ಯನಾಗುವುದರ ಕಡೆಗೆ, ಪ್ರಣಯ ಅದರಲ್ಲಿ ಒಂದು ಪಾಠ. ಆ ಪಾಠ ಬಾರದವನು ಇನ್ನೂ ಪೂರ್ತಿ ಮನುಷ್ಯನಾಗಿಲ್ಲ ಎಂಬ ಸಮೀಕರಣ ಕಥೆಯೊಳಗೆ ಕೂತುಬಿಟ್ಟಿದೆ. ನೋವಾಗುವುದು ಅಲ್ಲಿಯೇ. ಅಲೈಂಗಿಕರಿಗೆ ನಿಜ ಜೀವನದಲ್ಲಿ ಬೀಳುವ ಮಾತೂ ಅದೇ: ಯಂತ್ರದ ಹಾಗಿದ್ದೀಯ, ಕಲ್ಲು ನೀನು.

ಗೆಳತಿಯ ಫ್ಲ್ಯಾಶ್‌ಬ್ಯಾಕ್ ಇನ್ನೂ ಹಳೆಯದು. ಐಸಾಕ್ ಅಸಿಮೋವ್ ಅವರ ರೋಬೋಟ್ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್ ಹಿಮದಷ್ಟು ತಣ್ಣಗಿನ ಹೆಂಗಸು. 1941ರ 'ಲೈಯರ್!' (ಸುಳ್ಳುಗಾರ) ಕಥೆಯಲ್ಲಿ ಅವಳು ಸಹೋದ್ಯೋಗಿಯೊಬ್ಬನನ್ನು ಒಳಗೊಳಗೇ ಪ್ರೀತಿಸುತ್ತಿರುತ್ತಾಳೆ. ಮನಸ್ಸು ಓದಬಲ್ಲ ರೋಬೋಟ್ ಅವಳಿಗೆ ನೋವಾಗದಿರಲಿ ಎಂದು, ಅವನಿಗೂ ನಿನ್ನ ಮೇಲೆ ಪ್ರೀತಿ ಇದೆ ಎಂದು ಸುಳ್ಳು ಹೇಳುತ್ತದೆ. ಸುಳ್ಳು ಬಯಲಾದಾಗ ಅವಳು ಆ ರೋಬೋಟನ್ನು ನಾಶಮಾಡುತ್ತಾಳೆ. ಅಲ್ಲಿಂದ ಒಂದು ಅಚ್ಚು ತಯಾರಾಯಿತು. ಹೆಂಗಸು ಪ್ರಣಯದಿಂದ ದೂರ ಇದ್ದಾಳೆ ಅಂದರೆ ಹಿಂದೆ ಎಲ್ಲೋ ಪೆಟ್ಟು ಬಿದ್ದಿರಲೇಬೇಕು.

ಗಂಡು ಯಂತ್ರ, ಪೆಟ್ಟು ತಿಂದ ಹೆಣ್ಣು. ನಿಮ್ಮ ಇಬ್ಬರು ಗೆಳೆಯರು ಕೊಟ್ಟದ್ದು ಈ ಎರಡು ಅಚ್ಚುಗಳನ್ನೇ.

ಯಂತ್ರವೇ ಆದರೂ ಪರೀಕ್ಷೆಯಲ್ಲಿ ಪಾಸಾಗುವ ಪಾತ್ರ ಒಂದಿದೆ, ಮಾರ್ಥಾ ವೆಲ್ಸ್ ಅವರ ಮರ್ಡರ್‌ಬಾಟ್. 2017ರ 'ಆಲ್ ಸಿಸ್ಟಮ್ಸ್ ರೆಡ್' ಕಿರುಕಾದಂಬರಿಯಲ್ಲಿ ಅದು ಹೇಳುವುದರ ಸಾರ ಹೀಗಿದೆ: ನನಗೆ ಲೈಂಗಿಕ ಅಂಗಗಳಿಲ್ಲ, ಬಹುಶಃ ಅದಕ್ಕೇ ಸೀರಿಯಲ್‌ಗಳ ಲೈಂಗಿಕ ದೃಶ್ಯ ನನಗೆ ಬೇಜಾರು, ಆದರೆ ಅಂಗಗಳು ಇದ್ದಿದ್ದರೂ ಬೇಜಾರೇ ಆಗುತ್ತಿತ್ತು ಅನಿಸುತ್ತದೆ. ಆ ಎರಡನೆಯ ಭಾಗವೇ ಎಲ್ಲ ಕೆಲಸ ಮಾಡುವುದು. ಲೇಖಕಿ ಒಂದೇ ಉಸಿರಿನಲ್ಲಿ ಕಾರಣವನ್ನು ಮುಂದಿಟ್ಟು, ತಾವೇ ಅದನ್ನು ತೆಗೆದು, ಗುಣವನ್ನು ಪಾತ್ರದ ಕೈಗೆ ಕೊಟ್ಟಿದ್ದಾರೆ. ಮುಂದಿನ ಪುಸ್ತಕಗಳಲ್ಲಿ ಒಂದು ಸಂಶೋಧನಾ ನೌಕೆಯ ಜೊತೆ ಅದಕ್ಕೆ ಬೆಳೆಯುವ ಸ್ನೇಹ ಗಾಢವಾದದ್ದು, ಜಗಳದ್ದು, ಸೀರಿಯಲ್‌ಗಳನ್ನು ಜೊತೆಗೆ ನೋಡುವಂಥದ್ದು. ಆಸೆ ಇಲ್ಲದವರಿಗೆ ಭಾವನೆಯೂ ಇಲ್ಲ ಎಂಬ ಹಳೆಯ ಸಮೀಕರಣ ಅಲ್ಲಿ ಒಡೆಯುತ್ತದೆ. 2025ರಲ್ಲಿ ಅಲೆಕ್ಸಾಂಡರ್ ಸ್ಕಾರ್ಸ್‌ಗಾರ್ಡ್ ನಟನೆಯಲ್ಲಿ ಇದು ಟಿವಿ ಸರಣಿಯಾಯಿತು. ಹೆಚ್ಚು ಜನರಿಗೆ ಗೊತ್ತಾಗಿರುವುದು ಆ ರೂಪ, ಆದರೆ ನೀವು ಬರೆಯುವವರು, ಪುಸ್ತಕವನ್ನೇ ಓದಿ.

ಮನುಷ್ಯರು ಇದ್ದಾರಾ ಎಂಬ ಪ್ರಶ್ನೆಗೆ ಬರುತ್ತೇನೆ. ಇದ್ದಾರೆ, ಕಡಿಮೆ. ನಿಮಗೆ ಎಲ್ಲರಿಗಿಂತ ಉಪಯೋಗಕ್ಕೆ ಬರುವವಳು ಪಾರ್ವತಿ ಹೋಲ್‌ಕೂಂಬ್. ಆಬ್ಸಿಡಿಯನ್ ಸಂಸ್ಥೆ 2019ರಲ್ಲಿ ತಂದ 'ದಿ ಔಟರ್ ವರ್ಲ್ಡ್ಸ್' ಎಂಬ ವಿಡಿಯೋ ಗೇಮಿನ ಪಾತ್ರ, ನಿಮ್ಮ ಗಿರಿಜಾಳ ಹಾಗೆಯೇ ರಿಪೇರಿ ಕೆಲಸದವಳು. ಕಂಪನಿಯೊಂದು ಆಳುವ ಎಡ್ಜ್‌ವಾಟರ್ ಎಂಬ ಊರಿನವಳು. ಗ್ರೌಂಡ್‌ಬ್ರೇಕರ್ ಎಂಬ ನಿಲ್ದಾಣ ನೌಕೆಯ ಮುಖ್ಯಸ್ಥೆ ಜುನ್‌ಲೇ ಮೇಲೆ ಅವಳಿಗೆ ಪ್ರೀತಿ ಹುಟ್ಟುತ್ತದೆ. ದೈಹಿಕ ಸಂಬಂಧದಲ್ಲಿ ತನಗೆ ಆಸಕ್ತಿ ಇಲ್ಲ, ಹಿಂದೆ ಜನ ತನ್ನನ್ನು ತಣ್ಣಗಿನವಳು ಅಂದುಕೊಂಡಿದ್ದರು ಎಂದು ಅವಳು ನೌಕೆಯ ಕ್ಯಾಪ್ಟನ್ ಹತ್ತಿರ, ಅಂದರೆ ಆಡುವವರ ಹತ್ತಿರ, ಹೇಳಿಕೊಳ್ಳುತ್ತಾಳೆ. ಆಡುವವರು 'ನಾನೂ ಹಾಗೇ' ಎನ್ನುವುದಕ್ಕೂ ಅವಕಾಶ ಇದೆ. ಆಮೇಲೆ ಜುನ್‌ಲೇ ಜೊತೆಗಿನ ಭೇಟಿಗೆ ಬೇಕಾದ್ದನ್ನೆಲ್ಲ ಹೊಂದಿಸಿಕೊಡುವುದು ಆಟದ ಒಂದು ಕೆಲಸ.

ಇದು ಯಾಕೆ ಗೆದ್ದಿತು ಎಂದು ಬಿಡಿಸಿ ನೋಡಿ. ಪಾರ್ವತಿಯ ಪರಿಚಯ ಆಗುವುದು ಅವಳ ಕೆಲಸದಿಂದ, ತೀರಿಹೋದ ಅಪ್ಪನ ನೆನಪಿನಿಂದ, ಮಾತು ತಡವರಿಸುವ ಸ್ವಭಾವದಿಂದ. ಅಲೈಂಗಿಕತೆಯ ಮಾತು ಬರುವ ಹೊತ್ತಿಗೆ ಅವಳು ನಮಗೆ ಬೇಕಾದವಳಾಗಿರುತ್ತಾಳೆ. ಮಾತು ಬರುವುದೂ ಒಂದು ಅಗತ್ಯಕ್ಕೆ: ಜುನ್‌ಲೇಗೆ ಇದನ್ನು ಹೇಗೆ ಹೇಳಲಿ ಎಂಬ ಭಯಕ್ಕೆ. ಓದುಗರಿಗೆ ಪಾಠ ಹೇಳುವುದಕ್ಕಾಗಿ ಅಲ್ಲ. ಜುನ್‌ಲೇ ಒಪ್ಪಿಕೊಳ್ಳುತ್ತಾಳೆ, ಯಾರೂ ಅವಳನ್ನು ಸರಿಮಾಡಲು ಹೊರಡುವುದಿಲ್ಲ.

ಸ್ಟಾರ್ ವಾರ್ಸ್‌ನಲ್ಲಿ ಲಿಯೋಕ್ಸ್ ಗ್ಯಾಸಿ ಇದ್ದಾನೆ. ಕ್ಲಾಡಿಯಾ ಗ್ರೇ ಅವರ 2021ರ 'ಇನ್‌ಟು ದ ಡಾರ್ಕ್' ಕಾದಂಬರಿಯಲ್ಲಿ ಬರುವ, ಮಣಿಸರ ಹಾಕಿಕೊಂಡ ನಿರಾಳ ಸ್ವಭಾವದ ಪೈಲಟ್. ಜೆಡೈ ಅಲ್ಲ, ಯಂತ್ರ ಅಲ್ಲ, ಅಲೈಂಗಿಕ. ಇನ್ನೊಬ್ಬಳು 'ಲೆಜೆಂಡ್ಸ್ ಆಫ್ ಟುಮಾರೋ' ಎಂಬ ಕಾಲಯಾನದ ಟಿವಿ ಸರಣಿಯ ಸ್ಪೂನರ್. ತನ್ನ ವಿಷಯವನ್ನು ಅವಳು ಹೇಳಿಕೊಂಡದ್ದು ಏಳನೆಯ ಸೀಸನ್‌ನಲ್ಲಿ, 2022ರಲ್ಲಿ. ಅದೇ ವರ್ಷ ಸರಣಿ ನಿಂತುಹೋಯಿತು, ಆ ಎಳೆ ಬೆಳೆಯಲೇ ಇಲ್ಲ.

ಲಿಯೋಕ್ಸ್ ಇರುವುದು ಕಾದಂಬರಿಯಲ್ಲಿ, ಚಿತ್ರದಲ್ಲಿ ಅಲ್ಲ ಎಂಬುದನ್ನು ಗಮನಿಸಿ. ಚಿತ್ರ, ಸರಣಿ, ಪುಸ್ತಕಗಳಾಗಿ ಹರಡಿದ ದೊಡ್ಡ ಫ್ರಾಂಚೈಸ್‌ಗಳಲ್ಲಿ ಇದು ಹೀಗೇ ಆಗುವುದಕ್ಕೆ ಕಾರಣ ಇದೆ. ಕಾದಂಬರಿಗೆ ಒಬ್ಬ ಲೇಖಕಿ, ಒಂದು ಸಂಪಾದಕರ ತಂಡ, ಕಡಿಮೆ ಹಣದ ಅಪಾಯ. ಟಿವಿ ಸರಣಿಗೆ ವರ್ಷಗಟ್ಟಲೆ ಹತ್ತಾರು ಬರಹಗಾರರು ಕೈಹಾಕುತ್ತಾರೆ. 'ಇವರಿಬ್ಬರು ಒಂದಾಗ್ತಾರಾ' ಎಂಬ ಕುತೂಹಲ ಅವರಿಗೆ ಅಗ್ಗಕ್ಕೆ ಸಿಗುವ ಇಂಧನ, ಅಲೈಂಗಿಕ ಪಾತ್ರ ಅಂದರೆ ಆ ಇಂಧನದ ಒಂದು ಕೊಳವೆ ಮುಚ್ಚಿದಂತೆ. ಹಾಗಾಗಿ ಬರೆದಿಟ್ಟದ್ದೂ ಅಳಿಸಿಹೋಗುತ್ತದೆ. ಆರ್ಚಿ ಕಾಮಿಕ್ಸ್ 2016ರಲ್ಲಿ ತನ್ನ ಪಾತ್ರ ಜಗ್‌ಹೆಡ್ ಅಲೈಂಗಿಕ ಎಂದು ಸ್ಪಷ್ಟವಾಗಿ ಹೇಳಿತು, ಅದೇ ಕಾಮಿಕ್ಸ್ ಆಧರಿಸಿದ 2017ರ 'ರಿವರ್‌ಡೇಲ್' ಟಿವಿ ಸರಣಿ ಅವನನ್ನು ಬೆಟ್ಟಿಗೆ ಜೋಡಿ ಮಾಡಿತು. ಅದು ವಿಜ್ಞಾನ ಕಥೆಯಲ್ಲ, ಆದರೆ ಫ್ರಾಂಚೈಸ್ ಕೆಲಸ ಮಾಡುವ ರೀತಿ ಅದೇ.

ಇನ್ನು ನಿಮ್ಮ ಹಸ್ತಪ್ರತಿ.

ಮೊದಲನೆಯದಾಗಿ, ಬಾಯಿಬಿಟ್ಟು ಹೇಳಿಸಬೇಕೇ ಬೇಡವೇ? ಹೇಳಿಸಿ. ಸುಳಿವು ಕೊಟ್ಟು ಬಿಟ್ಟರೆ ಓದುಗರು ತಮಗೆ ಗೊತ್ತಿರುವ ಕಾರಣ ತುಂಬಿಕೊಳ್ಳುತ್ತಾರೆ: ಸತ್ತ ಗಂಡ, ಮುರಿದ ಪ್ರೀತಿ, ದೈವಭಕ್ತಿ. 14 ಕಂತುಗಳಲ್ಲಿ ಮೂರು ಅಥವಾ ನಾಲ್ಕನೆಯದರೊಳಗೆ ಈ ಮಾತು ಬರಲಿ. ಐದು ಕಂತು ಓದಿದ ಮೇಲೂ ಗೆಳೆಯರು ಕಾರಣ ಹುಡುಕುತ್ತಿದ್ದಾರೆ ಎಂದರೆ ನೀವು ತಡಮಾಡಿದ್ದೀರಿ. ಹತ್ತನೆಯ ಕಂತಿಗೆ ಬಂದರೆ ಅದು ರಹಸ್ಯ ಬಯಲಾದಂತೆ ಕಾಣುತ್ತದೆ, ಆಗ ಓದುಗರು ಹಿಂದಿನದನ್ನೆಲ್ಲ ರೋಗಲಕ್ಷಣ ಹುಡುಕುವವರಂತೆ ತಿರುವಿ ಹಾಕುತ್ತಾರೆ. ಉದ್ದ ಆರೆಂಟು ಸಾಲು ಸಾಕು. ಅರ್ಧ ಪುಟ ದಾಟಿದರೆ ಪಾತ್ರದ ಬಾಯಲ್ಲಿ ಕರಪತ್ರ ಓದಿಸಿದ ಹಾಗಾಗುತ್ತದೆ. ಕೈಯಲ್ಲಿ ಕೆಲಸ ಇರುವಾಗ ಮಾತಾಡಿಸಿ. ಕೂಲಂಟ್ ಪೈಪಿನ ವಾಲ್ವ್ ಬಿಚ್ಚುತ್ತಾ ಗಿರಿಜಾ, ಪಕ್ಕದಲ್ಲಿ ಟಾರ್ಚ್ ಹಿಡಿದ ಕಿರಿಯ ಸಹಾಯಕ, ಹೀಗೆ:

"ಅಕ್ಕಾ, ನಿಂಗೆ ಯಾರ ಮೇಲೂ ಹಾಗೆ ಅನಿಸೇ ಇಲ್ವಾ?"
"ಹಾಗೆ ಅಂದ್ರೆ?"
"ಅದೇ... ಗೊತ್ತಲ್ಲ."
"ಇಲ್ಲ. ಇಷ್ಟ ಆಗಿದ್ದಾರೆ. ಜೊತೆಗಿದ್ರೆ ಚೆನ್ನಾಗಿರುತ್ತೆ ಅನಿಸಿದೆ. ಮೈ ಬೇಕು ಅಂತ ಮಾತ್ರ ಯಾರ ಮೇಲೂ ಅನಿಸಿಲ್ಲ. ಹನ್ನೆರಡರ ಸ್ಪ್ಯಾನರ್ ಕೊಡು."
"ಯಾವತ್ತೂ?"
"ಯಾವತ್ತೂ. ಟಾರ್ಚ್ ನನ್ನ ಮುಖಕ್ಕಲ್ಲ, ವಾಲ್ವಿಗೆ ಹಿಡಿ."

ಪ್ರೇಮ ಬೇಕೋ ಬೇಡವೋ ಎಂಬುದೂ ಇದರಲ್ಲಿ ಅರ್ಧ ಗೊತ್ತಾಗುತ್ತದೆ. ಆ ಅರ್ಧವನ್ನು ನೀವು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಪಾರ್ವತಿಯ ದಾರಿ ಹಿಡಿದರೆ ಓದುಗರಿಗೆ ಪಾತ್ರ ಬೇಗ ಹತ್ತಿರವಾಗುತ್ತದೆ. ಅದರ ಅಪಾಯ ಏನೆಂದರೆ, ಪ್ರೇಮ ಇದ್ದದ್ದರಿಂದಲೇ ಇವಳು ಮನುಷ್ಯಳು ಎಂಬ ಅರ್ಥ ಹೊರಡಬಹುದು. ಗಿರಿಜಾ ಅರೊಮ್ಯಾಂಟಿಕ್ ಆದರೆ ಅವಳ ಬದುಕಿನ ಅತಿ ಗಟ್ಟಿ ಸಂಬಂಧ ಯಾವುದು ಎಂದು ಕಥೆ ತೋರಿಸಲೇಬೇಕು. ಊರಲ್ಲಿರುವ ತಂಗಿಯೋ, ಇಪ್ಪತ್ತು ವರ್ಷದಿಂದ ಜೊತೆಗೆ ದುಡಿದ ಪೈಲಟ್ಟೋ, ಯಾರಾದರೂ ಸರಿ. ಅದಕ್ಕೆ ಕನಿಷ್ಠ ಒಂದು ಇಡೀ ದೃಶ್ಯ ಕೊಡಿ, ಜಗಳದ ದೃಶ್ಯವಾದರೆ ಇನ್ನೂ ಒಳ್ಳೆಯದು.

ನೌಕೆಯಲ್ಲಿ ರೋಬೋಟ್ ಇದ್ದರೆ ಎಚ್ಚರ. ಗಿರಿಜಾ ಮತ್ತು ರೋಬೋಟ್ ಇಬ್ಬರೇ ಆಸೆ ಇಲ್ಲದವರಾಗಿ, ಉಳಿದ ಮನುಷ್ಯರೆಲ್ಲ ಜೋಡಿಗಳಾದರೆ, ನೀವು ಬರೆಯದಿದ್ದರೂ ಓದುಗರ ತಲೆಯಲ್ಲಿ ಅವರಿಬ್ಬರು ಒಂದೇ ಗುಂಪಿಗೆ ಸೇರುತ್ತಾರೆ. ಎರಡನೆಯ ಅಲೈಂಗಿಕ ಮನುಷ್ಯನೊಬ್ಬನನ್ನು ತನ್ನಿ. ಸಣ್ಣ ಪಾತ್ರ ಸಾಕು, ಸ್ವಭಾವ ಮಾತ್ರ ಗಿರಿಜಾಗೆ ವಿರುದ್ಧವಾಗಿರಲಿ: ವಾಚಾಳಿ, ಮದುವೆಯಾದವನು.

ವೈದ್ಯಕೀಯ ಕೊಠಡಿಯ ದೃಶ್ಯ ಅತಿ ದೊಡ್ಡ ಗುಂಡಿ. ಬಾಹ್ಯಾಕಾಶ ಕಥೆಯಲ್ಲಿ ಎಲ್ಲರನ್ನೂ ಸ್ಕ್ಯಾನ್ ಮಾಡುವ ಯಂತ್ರ ಇರುತ್ತದೆ, ಗಿರಿಜಾಳ ಹಾರ್ಮೋನ್ ನೋಡೋಣ ಎಂಬ ಆಸೆ ಬರಹಗಾರರಿಗೆ ಬಂದೇ ಬರುತ್ತದೆ. 'ಹೌಸ್' ಎಂಬ ಆಸ್ಪತ್ರೆಯ ಟಿವಿ ಸರಣಿಯ 2012ರ 'ಬೆಟರ್ ಹಾಫ್' ಕಂತು ಇದನ್ನೇ ಮಾಡಿತು. ಅಲೈಂಗಿಕ ದಂಪತಿಯಲ್ಲಿ ಗಂಡನಿಗೆ ಪಿಟ್ಯುಟರಿ ಗ್ರಂಥಿಯ ಗಡ್ಡೆ ಎಂದು ಪತ್ತೆಯಾಯಿತು, ಹೆಂಡತಿ ಸುಳ್ಳು ಹೇಳಿದ್ದಳು ಎಂದಾಯಿತು. ಇಷ್ಟು ವರ್ಷವಾದರೂ ಅಲೈಂಗಿಕರು ಆ ಕಂತನ್ನು ಮರೆತಿಲ್ಲ. ಸ್ಕ್ಯಾನ್ ದೃಶ್ಯ ಕಥೆಗೆ ಬೇಕೇ ಬೇಕಾದರೆ, ವರದಿ ಸರಿಯಿದೆ ಎಂದು ಒಂದು ಸಾಲಿನಲ್ಲಿ ಮುಗಿಸಿ.

ಉಳಿದದ್ದು ಬೇಗ ಹೇಳುತ್ತೇನೆ. ಕೊನೆಯ ಕಂತಿನಲ್ಲಿ ಯಾರಾದರೂ ಪ್ರಾಣ ಕೊಡಬೇಕಾದರೆ ಅದು ಗಿರಿಜಾ ಆಗದಿರಲಿ. ಅವಳ ಹಿಂದೆ ಅಳುವವರಿಲ್ಲ ಎಂಬ ಲೆಕ್ಕದಿಂದ ಇಂಥ ಪಾತ್ರಗಳನ್ನು ಸಾಯಿಸುವುದು ಬಹಳ ಸುಲಭ, ಆ ಲೆಕ್ಕವೇ ತಪ್ಪು. ಅವಳ ಮಾತು ಕೇಳಿದವರೆಲ್ಲ ಬೆಚ್ಚಿಬೀಳುವುದೂ ಬೇಡ, ಎಲ್ಲರೂ ಒಪ್ಪಿಕೊಳ್ಳುವುದೂ ಬೇಡ. ಒಬ್ಬರಿಗೆ ತಕ್ಷಣ ಅರ್ಥವಾಗಲಿ, ಒಬ್ಬರು ಕೊನೆಯವರೆಗೂ ಒಪ್ಪದಿರಲಿ. ಮುಗಿದ ಮೇಲೆ ಇಬ್ಬರು ಮೂವರು ಅಲೈಂಗಿಕ ಓದುಗರಿಗೆ ಕೊಡಿ, ಅವರಲ್ಲಿ ಒಬ್ಬರಾದರೂ ಅರೊಮ್ಯಾಂಟಿಕ್ ಆಗಿರಲಿ. 'ಹೇಗಿದೆ' ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆ. 'ಯಾವ ಸಾಲಿನಲ್ಲಿ ಮೈ ಬಿಗಿಯಾಯಿತು' ಎಂದು ಕೇಳಿ.

ಓದುಗರು ಒಪ್ಪುತ್ತಾರಾ? ಎಲ್ಲರೂ ಒಪ್ಪುವುದಿಲ್ಲ. ಗಿರಿಜಾಗೆ ಜೋಡಿ ಸಿಗಲಿ ಎಂದು ಕೊನೆಯ ಕಂತಿನವರೆಗೂ ಕಾಯುವವರು ಇರುತ್ತಾರೆ. ಅವರಿಗಾಗಿ ಬದಲಾಯಿಸಿದರೆ, ಆ ಸಾಲುಗಳಲ್ಲಿ ಮೊದಲ ಸಲ ತಮ್ಮನ್ನು ಕಂಡವರನ್ನು ಕಳೆದುಕೊಳ್ಳುತ್ತೀರಿ. ಎರಡನೆಯವರ ಸಂಖ್ಯೆ ಕಡಿಮೆ, ಆದರೆ ಅವರಿಗೆ ಬೇರೆ ಕಡೆ ಹೋಗಲು ಪುಸ್ತಕಗಳೂ ಕಡಿಮೆ.

ನಿಮ್ಮ ಬಗ್ಗೆ ಹೇಳಿದಿರಿ. ಅದನ್ನು ತೀರ್ಮಾನಿಸುವವರು ನೀವೇ, ಅದಕ್ಕೆ ಗಡುವಿಲ್ಲ, ಯಾರಿಗೂ ಹೇಳಬೇಕಾದ ಕಟ್ಟುಪಾಡೂ ಇಲ್ಲ. ಮೊದಲಿದ್ದ ಆಸೆ ಇತ್ತೀಚೆಗೆ ಇದ್ದಕ್ಕಿದ್ದಂತೆ ಕುಗ್ಗಿದ್ದರೆ ಅದು ಬೇರೆ ವಿಷಯ. ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳು ಹಾಗೆ ಮಾಡುತ್ತವೆ, ವೈದ್ಯರಿಗೆ ತೋರಿಸಿ. ಮೊದಲಿಂದಲೂ ಹೀಗೇ ಇದ್ದು ನೆಮ್ಮದಿಯಾಗಿದ್ದರೆ ಹುಡುಕಬೇಕಾದ ರೋಗ ಇಲ್ಲ. ಗಿರಿಜಾಳನ್ನು ಬರೆಯಲು ನೀವು ಮೊದಲು ನಿಮ್ಮನ್ನು ಘೋಷಿಸಿಕೊಳ್ಳಬೇಕಿಲ್ಲ. ಮನೆಯವರು ಮದುವೆಯ ಮಾತು ಎತ್ತಿದ್ದರೆ ಮಾತ್ರ ಒಂದು ಕಿವಿಮಾತು: ಒಪ್ಪುವ ಮುಂಚೆ ಮದುವೆಯಾಗುವವರ ಹತ್ತಿರ ಇದನ್ನು ನೇರವಾಗಿ ಮಾತಾಡಿ. ಮದುವೆಯಾದ ಮೇಲೆ ಹೇಳಿದರೆ ಇಬ್ಬರಿಗೂ ಕಷ್ಟ.

ಪ್ರಕಟಣೆಗೆ ಕಳಿಸಿದಾಗ ಸಂಪಾದಕರು ಪುಟ ಕಡಿಮೆ ಮಾಡಲು ಹೇಳಿದರೆ ವಾಲ್ವಿನ ದೃಶ್ಯದಲ್ಲಿ ಟಾರ್ಚು, ಸ್ಪ್ಯಾನರು, ಸಹಾಯಕನ ತಡವರಿಕೆ ಯಾವುದನ್ನು ಬೇಕಾದರೂ ಬಿಡಿ. 'ಯಾವತ್ತೂ?' ಎಂಬ ಪ್ರಶ್ನೆ ಮತ್ತು ಅದರ ಉತ್ತರವನ್ನು ಬಿಡಬೇಡಿ. ಅವು ಹೋದರೆ ಗೆಳತಿಯ ಫ್ಲ್ಯಾಶ್‌ಬ್ಯಾಕಿಗೆ ಮತ್ತೆ ಜಾಗ ಸಿಗುತ್ತದೆ.